ಚುಕ್ಕಿಯ ಕಾಲಿನ ತಾಮ್ರದ ಬಳೆ

ಜಗಳೂರು

ಪ್ರೀತಿಯ ದೊಡ್ಡಕ್ಕ,

ಉಬ್ರಾಣಿಯಲ್ಲಿ ನೀನೂ ಭಾವನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ‘ಅವ್ವನ ಪರ ವಕಾಲತ್ತು ಬ್ಯಾಡ’ ಎಂದು ಕಟ್ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಚುಕ್ಕಿ ಕೋಳಿ ಸಿಕ್ಕಿತು.

ಹೊಸ ಬಚ್ಚಲಿಗೆ ಪಾಯ ತೆಗೆಯುವಾಗ ಹಳೇ ಬೂದಿಗುಂಡಿಯ ತಳದಲ್ಲಿ ಒಂದು ಚಪ್ಪಡಿ ಬಂತು. ಅದರಡಿಯಲ್ಲಿ ಇಡೀ ಕೋಳಿಯ ಮೂಳೆ. ಸುಟ್ಟ ಮೋಟಾರಿನ ತಂತಿ ಸುತ್ತಿ ನೀನು ಹಾಕಿದ್ದ ತಾಮ್ರದ ಬಳೆ ಕಾಲಿನಲ್ಲೇ ಇದೆ. ಅದರ ಹಸಿರು ಮೂಳೆಗೂ ಇಳಿದಿದೆ.

ಚುಕ್ಕಿ ನಿನ್ನ ಹೆಗಲೇರಿ ನಲ್ಲಿಯವರೆಗೂ ಬರುತ್ತಿತ್ತು. ‘ಗಂಡನ ಮನಿಗೆ ಇದ್ನೂ ಕಳಿಸ್ಬೇಕೇನೇ?’ ಎಂದು ಪಕ್ಕದ ಮನೆ ಚೌಡಕ್ಕ ರೇಗಿಸಿದರೆ, ‘ನನಗಿಂತ ಮೊದ್ಲು ಅದೇ ಬಸ್ ಹತ್ತತೈತೆ’ ಎನ್ನುತ್ತಿದ್ದೆ ನೀನು. ನೆಂಟರು ಬಂದ ದಿನ ಒಲೆಯ ಮೇಲೆ ಕೋಳಿಸಾರಿತ್ತು, ಚುಕ್ಕಿ ಇರಲಿಲ್ಲ.

‘ಅದಕ್ಕೆ ಕೊಕ್ಕರೆ ರೋಗ ಬಂದಿತ್ತು ಕಣೆ, ಹೂತೆ. ಸಾರಿಂದು ಸಂತೆ ಕೋಳಿ’ ಎಂದಳು ಅವ್ವ.

‘ಹಂಗಾದ್ರೆ ತೆಗ್ದು ತೋರ್ಸು’ ಎಂದೆ ನೀನು.

‘ರೋಗದ ಕೋಳಿ ತೆಗೆದ್ರೆ ಓಣಿ ಕೋಳಿಯೆಲ್ಲ ಸಾಯ್ತಾವೆ.’

ಅಂದಿನಿಂದ ನೀನು ಅವ್ವನ ಕೈಯ ಕೋಳಿಸಾರು ಮುಟ್ಟಿಲ್ಲ.

ಉತ್ಖನನಗಳಲ್ಲಿ ಮೂಳೆ ವಿಂಗಡಿಸಿಯೇ ನನ್ನ ತಲೆ ನರೆತಿದೆ, ಅಕ್ಕ. ಹಕ್ಕಿಯ ಮೂಳೆ ಟೊಳ್ಳು, ತೆಳು. ತಿಂದು ಎಸೆದದ್ದನ್ನು ನಾಯಿ ಅಗಿಯುತ್ತದೆ, ಉಳಿದದ್ದು ತುಳಿತಕ್ಕೆ ಪುಡಿಯಾಗುತ್ತದೆ, ಹುಳಿ ಮಣ್ಣಿನಲ್ಲಿ ಕರಗುತ್ತದೆ. ಬೇಗ ಹೂತು ಒಣ ಬೂದಿ ಮುಚ್ಚಿದ್ದು ಮಾತ್ರ ಬಹುಕಾಲ ಬಾಳುತ್ತದೆ. ಕಸ ಸುರಿಯುವ ಗುಂಡಿಯಲ್ಲಿ ಊಟದ ಚೂರುಗಳು ವರ್ಷಗಟ್ಟಲೆ ಒಂದರ ಮೇಲೊಂದು ಸೇರುತ್ತವೆ. ತೊಡೆ ಒಂದು ಕಡೆ, ರೆಕ್ಕೆ ಇನ್ನೊಂದು ಕಡೆ, ಮೇಲೆ ಕತ್ತಿಯ ಗೀರು. ನಮ್ಮ ಗುಂಡಿಯ ಮೇಲಿನ ಪದರದಲ್ಲೂ ಅಂಥವೇ ಇದ್ದವು. ಚುಕ್ಕಿಯದು ಹಾಗಿಲ್ಲ. ಕತ್ತಿನಿಂದ ಬೆರಳಿನ ತುದಿಯವರೆಗೆ ಜೋಡಣೆ ತಪ್ಪಿಲ್ಲ, ಎಲ್ಲೂ ಕತ್ತಿ ತಾಗಿಲ್ಲ. ಸಾರಿಗೆ ಹೋದ ಕೋಳಿ ಹೀಗೆ ಮಲಗಿರುವುದಿಲ್ಲ.

ನಾನು ಎತ್ತಲು ಬಗ್ಗಿದಾಗ ಅವ್ವ ತಡೆದಳು. ‘ಮುಟ್ಟಬ್ಯಾಡ. ತೋರ್ಸು ಅಂದಿದ್ಲಲ್ಲ, ಬಂದು ನೋಡ್ಲಿ.’ ಕೋಳಿ ಮುಚ್ಚುವ ಮಂಕರಿಯನ್ನೇ ತಂದು ಅದರ ಮೇಲೆ ಕವುಚಿ, ಕಲ್ಲು ಹೇರಿದಳು. ‘ಕೆಲ್ಸ ಯಾವಾಗ ಸುರು ಮಾಡಾಕೆ ಬರ್ಲಿ?’ ಎಂದು ಮೇಸ್ತ್ರಿ ಮಾರಪ್ಪ ದಿನಾ ಕೇಳುತ್ತಾನೆ. ‘ಮಗಳು ಬಂದ್ಮ್ಯಾಲೆ’ ಎನ್ನುತ್ತಾಳೆ.

ಬೇಗ ಬಾ. ಮಂಕರಿ ನೀನೇ ಎತ್ತಬೇಕು. ನಿನಗೂ ಭಾವನಿಗೂ ಅವ್ವನ ಆಶೀರ್ವಾದ, ನನ್ನ ನಮಸ್ಕಾರ.

ನಿನ್ನ ತಮ್ಮ,
ದುರುಗೇಶ್