ಬೆನ್ನ ಹಿಂದಿನ ಹಲಗೆ

ರೀ,

ಬೇರೆಯವರಾಗಿದ್ದರೆ ‘ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಶುರು ಮಾಡುತ್ತಿದ್ದರು. ನಾನು ಕ್ಷೇಮವಾಗಿಲ್ಲ, ಮೈಯೆಲ್ಲ ಉರಿಯುತ್ತಿದೆ. ನೀವು ಕ್ಷೇಮವಾಗಿದ್ದೀರಿ ಎಂದು ಮೀನುಗಾಡಿಯ ಡ್ರೈವರ್ ಹೇಳಿದ. ದೋಣಿ ಕಟ್ಟುವ ಶೆಡ್ಡಿನಲ್ಲಿ ಚಾಪೆ ಹಾಸಿಕೊಂಡು, ತಮ್ಮನನ್ನೂ ಕರೆಸಿಕೊಂಡು, ಬಡಗಿಯ ಜೊತೆ ಹರಟುತ್ತ ಚೆನ್ನಾಗಿಯೇ ಇದ್ದೀರಂತೆ.

ಅವನು ಅಷ್ಟಕ್ಕೇ ಸುಮ್ಮನಾಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಚಹಾ ಕುಡಿಯುತ್ತ, "ಅಕ್ಕಾ, ದೋಣಿ ಸಕತ್ತಾಗಿ ಬರ್ತಿದೆ. ನಿಮ್ ಯಜಮಾನ್ರದ್ದು, ನಿಮ್ ಮೈದುನಂದು, ಇಬ್ರದ್ದೂ ಕಾಲಿನ ಅಳತೆ ತಗೊಂಡ್ರು. ಇನ್ನೇನು ಪಟ್ಟಿ ಹೊಡೀತಾರೆ" ಎಂದ. ಹುಟ್ಟು ಹಾಕುವವರು ಅಂಗಾಲು ಒತ್ತಿ ಕೂರುವ ಪಟ್ಟಿ. ಅದನ್ನು ಕೂರುವವರ ಕಾಲಿನ ಉದ್ದ ನೋಡಿಯೇ ಹೊಡೆಯುತ್ತಾರೆ. ಇನ್ನೊಬ್ಬರ ಅಳತೆಯ ಪಟ್ಟಿಗೆ ಕಾಲು ಚಾಚಿ ಹುಟ್ಟು ಎಳೆದರೆ ಮಧ್ಯಾಹ್ನದೊಳಗೆ ಸೊಂಟ ಹಿಡಿದುಕೊಳ್ಳುತ್ತದೆ. ನಿಮ್ಮ ತಮ್ಮನದು ಕೊಕ್ಕರೆ ಕಾಲು. ಅವನ ಪಟ್ಟಿಗೆ ನನ್ನ ಹೆಬ್ಬೆರಳೂ ತಾಕುವುದಿಲ್ಲ. ಅಂದರೆ ಇಷ್ಟು ವರ್ಷ ನಾನು ಕೂತು ಹುಟ್ಟು ಹಾಕಿದ, ನಿಮ್ಮ ಬೆನ್ನ ಹಿಂದಿನ ಹಲಗೆ ಇನ್ನು ನನ್ನದಲ್ಲ.

"ಅಕ್ಕನ ಅಳತೆ ಬೇಡ್ವಾ ಅಂತ ಬಡಗಿ ಕೇಳಿದ್ರು. ಅವಳಿಗೂ ವಯಸ್ಸಾಯ್ತು, ಇನ್ಮೇಲೆ ಮನೇಲಿ ಹಾಯಾಗಿರ್ಲಿ ಅಂದ್ರು ನಿಮ್ಮೋರು" ಎಂದೂ ಸೇರಿಸಿದ. ಲೋಟ ಕೆಳಗಿಟ್ಟು ಹೋದ. ಪಾಪ, ಬೆಂಕಿ ಹಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಹಾಯಾಗಿರಲಿ ಅಂತೆ! ಯಾರು ಕೇಳಿದ್ದರು ನಿಮ್ಮನ್ನು? ನನಗಿಂತ ಆರು ವರ್ಷ ದೊಡ್ಡವರು ನೀವು. ನಿಮಗೆ ಮಾತ್ರ ಪ್ರಾಯ ತಿರುಗಿ ಬಂತೇ?

ಹಳೆ ದೋಣಿಯ ತಳ ಕೊಳೆತು ಅದನ್ನು ಒಡೆದ ಮೇಲೆ ನಾನಿಲ್ಲಿ ಏನು ಮಾಡುತ್ತಿದ್ದೇನೆ ಗೊತ್ತೇ? ಬಲೆಯನ್ನು ಕಿಟಕಿಯಿಂದ ಬಾಗಿಲಿಗೆ ಕಟ್ಟಿ, ಹರಿದ ಕಣ್ಣುಗಳನ್ನು ಹುಡುಕಿ ಹುಡುಕಿ ಹೆಣೆದಿದ್ದೇನೆ. ಅಡುಗೆಮನೆಗೆ ಹೋಗಲು ಮಗಳು ಅದರಡಿ ಬಗ್ಗಿ ನುಸುಳಬೇಕು. ಹೋಗುವಾಗೊಮ್ಮೆ, ಬರುವಾಗೊಮ್ಮೆ ಬೈಯುತ್ತಾಳೆ. ಎರಡೂ ಹುಟ್ಟುಗಳನ್ನು ಕೆರೆದು ಎಣ್ಣೆ ಕುಡಿಸಿದ್ದೇನೆ. ಹಲಗೆಗೆ ದಿಂಬು ಹೊಲಿದಿದ್ದೇನೆ, ನಿಮಗೊಂದು, ನನಗೊಂದು. ಪಕ್ಕದ ಮನೆಯವಳು "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋದು ಅಂದ್ರೆ ಇದೇ ನೋಡು" ಎಂದು ನಕ್ಕಳು. ನಾನೂ ನಕ್ಕೆ. ಕುಲಾವಿ ಹೊಲಿಯುವವಳು ನಾನು, ಕೂಸನ್ನು ಎತ್ತಿಕೊಳ್ಳುವವನು ನಿಮ್ಮ ತಮ್ಮ ಎಂದು ಆಗ ಗೊತ್ತಿರಲಿಲ್ಲ.

ಹುಟ್ಟು ಎಳೆದು ಎಳೆದು ಅಂಗೈಗೆ ಕಟ್ಟಿದ ದಡ್ಡು ಕರಗಿದರೆ ಹೊಸ ದೋಣಿಯಲ್ಲಿ ಮೊದಲ ದಿನವೇ ಬೊಬ್ಬೆ ಏಳುತ್ತದಲ್ಲ, ಅದಕ್ಕೇ ಮನೆಯೊಳಗೆ ನಲ್ಲಿ ಇದ್ದರೂ ದಿನವೂ ಬಾವಿಗೆ ಹೋಗಿ ಒರಟು ಹಗ್ಗದಲ್ಲಿ ನೀರು ಸೇದಿದೆ. ಗಿಡಗಳು ಸಾಕು ಮಾರಾಯ್ತಿ ಎನ್ನುವಷ್ಟು ನೀರು ಕುಡಿದಿವೆ. ಬನ್ನಿ, ನನ್ನ ಅಂಗೈ ಮುಟ್ಟಿ ನೋಡಿ. ನಿಮ್ಮ ತಮ್ಮನದನ್ನೂ ಮುಟ್ಟಿ ನೋಡಿ. ಇಸ್ಪೀಟು ಎಲೆ ಹಿಡಿದು ಹಿಡಿದು ಬೆಣ್ಣೆಯ ಹಾಗಿದೆ.

ಒಂದು ಮಾತನ್ನು ಇದುವರೆಗೂ ಬಾಯಿಬಿಟ್ಟು ಹೇಳಿಲ್ಲ. ಮನೆಯಲ್ಲಿ ನೀವು ಮಾತಿನವರಲ್ಲ. ಉಪ್ಪು ಬೇಕಾದರೂ ಕೈ ತೋರಿಸುತ್ತೀರಿ. ನಾನು ನಿಮ್ಮ ಜೊತೆ ನಿಜವಾಗಿ ಸಂಸಾರ ಮಾಡಿದ್ದು ಹೊಳೆಯ ನಡುವೆ, ನಿಮ್ಮ ಬೆನ್ನು ನೋಡುತ್ತ. ಹೆಗಲು ಬಿಗಿದಿದ್ದರೆ ಸಿಟ್ಟು. ಕತ್ತು ತಗ್ಗಿದ್ದರೆ ಚಿಂತೆ. ಕಿವಿ ಕೆಂಪಾಯಿತೋ, ಯಾವುದೋ ಹಳೆ ತಮಾಷೆ ನೆನಪಾಗಿದೆ, ಇನ್ನೊಂದು ಗಳಿಗೆಯಲ್ಲಿ ಹೇಳುತ್ತೀರಿ. ಅತ್ತೆ ತೀರಿಕೊಂಡಾಗ ಮನೆ ತುಂಬ ಜನರೆದುರು ನೀವು ಕಲ್ಲಿನ ಹಾಗೆ ನಿಂತಿದ್ದಿರಿ. ಎಂಥ ಗಟ್ಟಿ ಮಗ ಎಂದು ಎಲ್ಲರೂ ಹೊಗಳಿದರು. ಆಮೇಲೆ ದೋಣಿ ಹತ್ತಿದ ಮೊದಲ ಬೆಳಿಗ್ಗೆ, ದಡ ದೂರವಾದ ಮೇಲೆ, ನಿಮ್ಮ ಬೆನ್ನು ಅದುರಿತು. ಬಹಳ ಹೊತ್ತು ಅದುರಿತು. ನೀವು ತಿರುಗಲಿಲ್ಲ, ನಾನು ಮಾತಾಡಿಸಲಿಲ್ಲ. ಎಡಕ್ಕೆ ನಿಮ್ಮ ಹುಟ್ಟು ನಿಧಾನವಾದಷ್ಟೂ ಬಲಕ್ಕೆ ನನ್ನದನ್ನೂ ನಿಧಾನ ಮಾಡಿದೆ, ದೋಣಿ ತಿರುಗಿಬಿಡದಂತೆ. ನೀವು ಅದನ್ನು ಗಮನಿಸಿದಿರೋ ಇಲ್ಲವೋ ನನಗೆ ತಿಳಿಯದು.

ಇನ್ನು ಆ ಬೆನ್ನನ್ನು ನಿಮ್ಮ ತಮ್ಮ ನೋಡಬೇಕೇ? ಅವನಿಗೆ ನೋಡುವುದಕ್ಕೆ ಬರುವುದಿಲ್ಲ. ಅಪ್ಪಿತಪ್ಪಿ ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ಹೇಳಿ ಬರುತ್ತಾನೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ನೀವು ದಾಟುವ ಮೊದಲೇ ಇಳಿಸಿಬಿಟ್ಟಿರಿ, ಅದೂ ಒಂದು ಮಾತು ಕೇಳದೆ. ಚಳಿಗಾಲದಲ್ಲಿ ನನ್ನ ಸೊಂಟ ನೋಯುತ್ತದೆ ಎಂಬ ಕನಿಕರ ಇರಬಹುದು. ಕೆಟ್ಟ ಮನಸ್ಸಿನಿಂದ ಮಾಡುವವರಲ್ಲ ನೀವು, ಅದು ಗೊತ್ತಿರುವುದರಿಂದಲೇ ಇನ್ನಷ್ಟು ಸಿಟ್ಟು ಬರುತ್ತಿದೆ. ನನ್ನನ್ನು ಕೇಳಬೇಕಿತ್ತು. ಸೊಂಟ ನನ್ನದು.

ದೋಣಿಯನ್ನು ಮನೆಗೆ ತರಲು ಎರಡೂ ಹುಟ್ಟುಗಳನ್ನು ಗಾಡಿಯಲ್ಲಿ ಕಳಿಸು ಎಂದು ಹೇಳಿಕಳಿಸಿದ್ದಿರಿ. ನಿಮ್ಮದೊಂದನ್ನು ಮಾತ್ರ ಕಳಿಸಿದ್ದೇನೆ. ಈ ಲಕೋಟೆಯಲ್ಲಿ ಒಂದು ದಾರವೂ ಇದೆ. ನನ್ನ ಸೊಂಟದಿಂದ ಹಿಮ್ಮಡಿಯವರೆಗಿನ ಅಳತೆ. ಮಗಳು ಹಿಡಿದಳು, ಎರಡು ತುದಿಗೂ ನಾನೇ ಗಂಟು ಹಾಕಿದೆ. ಅದನ್ನು ಬಡಗಿಯ ಕೈಗೆ ಕೊಡಿ. ನನ್ನ ಹುಟ್ಟು ಇಲ್ಲೇ ಬಾಗಿಲ ಹಿಂದೆ ನಿಂತಿದೆ. ಪಟ್ಟಿ ಈ ದಾರದ ಅಳತೆಗೇ ಬಿದ್ದಿದೆ ಎಂದು ಡ್ರೈವರ್ ಬಂದು ಹೇಳಲಿ, ಅದನ್ನು ಹೊತ್ತುಕೊಂಡು ಅದೇ ಗಾಡಿಯಲ್ಲಿ ಬರುತ್ತೇನೆ. ಇಲ್ಲದಿದ್ದರೆ ಅಣ್ಣ ತಮ್ಮ ಇಬ್ಬರೂ ಒಂದೇ ಹುಟ್ಟು ಹಿಡಿದು, ಜನ ನೋಡಿ ನಗುವಂತೆ, ಹೊಸ ದೋಣಿಯಲ್ಲಿ ಗಿರಗಿರ ಸುತ್ತುತ್ತಿರಿ.

ಇನ್ನೊಂದು ಹುಟ್ಟು ಮಾಡಿಸಿಕೊಳ್ಳುತ್ತೇನೆ ಎನ್ನುತ್ತೀರೇನೋ. ಮಾಡಿಸಿ. ನಿಮ್ಮದು ನಿಧಾನವಾದಾಗ ತನ್ನದನ್ನೂ ನಿಧಾನ ಮಾಡುವ ಕೈಯನ್ನು ಯಾವ ಬಡಗಿ ಮಾಡಿಕೊಡುತ್ತಾನೆ, ಅದನ್ನೂ ವಿಚಾರಿಸಿಕೊಂಡು ಬನ್ನಿ.

ಹೊಸ ದೋಣಿಗೆ ಒಳ್ಳೆಯದಾಗಲಿ, ಅದರ ತಳ ನೂರು ಕಾಲ ಗಟ್ಟಿಯಾಗಿರಲಿ. ನಿಮಗೇನು ಹರಸಬೇಕು ಎಂಬುದನ್ನು ದಾರದ ಸುದ್ದಿ ಬಂದ ಮೇಲೆ ನೋಡೋಣ.

ಇಂತಿ,
ಇನ್ನೂ ನಿಮ್ಮ ಬೆನ್ನ ಹಿಂದೆಯೇ ಕೂತಿರುವವಳು