ಅಮ್ಮನ ತಪ್ಪು ಉತ್ತರಗಳು

ಅಮ್ಮಾ,

ಎದುರಿಗೆ ಕೇಳಿದರೆ ನಕ್ಕು ಜಾರಿಕೊಳ್ಳುತ್ತೀಯ, ಅದಕ್ಕೇ ಬರೆದು ನಿನ್ನ ಚೀಲದಲ್ಲಿಟ್ಟಿದ್ದೇನೆ.

ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಇಬ್ಬರೂ ಒಟ್ಟಿಗೇ ಓದಿದೆವು. ದುಂಡುಮೇಜಿನ ಸುತ್ತ ಯಾರ ಪಕ್ಕ ಯಾರು ಅನ್ನುವ ಒಗಟುಗಳಿಗೆ ನಾನು ಪೆನ್ಸಿಲ್ ಹುಡುಕುವಷ್ಟರಲ್ಲಿ ನೀನು ಬಟ್ಟೆ ಮಡಚುತ್ತಲೇ ಉತ್ತರ ಹೇಳುತ್ತಿದ್ದೆ. ಮೊನ್ನೆ ಅಪ್ಪ, "ಇಬ್ರೂ ಕಾಲೇಜಿಗೆ ಹೋದ್ರೆ ಅಜ್ಜಿನ ನೋಡ್ಕೊಳ್ಳೋರು ಯಾರು?" ಅಂದರು. ನಿನ್ನೆಯ ಮಾದರಿ ಪರೀಕ್ಷೆಯಲ್ಲಿ ನಿನ್ನ ಒಂದು ಒಗಟೂ ಸರಿಯಿಲ್ಲ. "ವಯಸ್ಸಾಯ್ತು ಕಣೇ, ತಲೆ ಓಡಲ್ಲ" ಅಂದೆ. ರಾತ್ರಿ ಬೆಳಗಾಗುವುದರೊಳಗೆ ವಯಸ್ಸಾಯಿತೇ?

ನನಗೆ ನಿನ್ನ ಮೇಲೇ ಅನುಮಾನ. ನಾಳೆಯ ಪ್ರವೇಶ ಪರೀಕ್ಷೆ ಸರಿಯಾಗಿ ಬರೆ. ಅಜ್ಜಿಯನ್ನು ಅವರ ಮಗನೂ ನೋಡಿಕೊಳ್ಳಬಹುದು, ಅಪ್ಪನಿಗೆ ನಾನೇ ಹೇಳುತ್ತೇನೆ. ನೀನು ಬೇಕೆಂದೇ ಸೋತು ಬಿಟ್ಟುಕೊಟ್ಟ ಸೀಟು ನನಗೆ ಬೇಡ.

ಕನ್ನಡಕ ಮರೆಯಬೇಡ.

ನಿನ್ನ ಎದುರಾಳಿ,
ಮಗಳು