ಇಶಾನನ ಶಾಲೆಯ ವಿಷಯ

ಹೌಗಾಂಗ್, ಸಿಂಗಾಪುರ
೯ ಮಾರ್ಚ್ ೨೦೨೫, ಭಾನುವಾರ

ಚಿ. ಸೌ. ಚೈತನ್ಯಾಳಿಗೆ ನಿನ್ನ ಅಮ್ಮ ಸುಂದರಿ ಮಾಡುವ ಆಶೀರ್ವಾದಗಳು. ಅಳಿಯ ಕೌಶಿಕರಿಗೂ ಮಗು ಇಶಾನನಿಗೂ ಸೇರಿಸಿಯೇ ಮಾಡಿದ್ದೇನೆ, ಹಂಚಿಕೊಳ್ಳಿ.

ಇಲ್ಲಿ ಎಲ್ಲರೂ ಕ್ಷೇಮ. ಇಶಾನನಿಗೆ ಇಲ್ಲಿ ಯಾವ ಶಾಲೆ ಒಳ್ಳೆಯದು ಎಂದು ನೀನು ಕೇಳಿ ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಯಾರೋ ಹೇಳಿದ್ದನ್ನು ಕೇಳಿ ಇನ್ನೊಬ್ಬರಿಗೆ ದಾಟಿಸುವವಳು ನಾನಲ್ಲ, ನೋಡಿ ಬರೆಯೋಣ ಎಂದು ನಿಲ್ಲಿಸಿದ್ದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ನನ್ನ ವಾಯ್ಸ್ ಮೆಸೇಜುಗಳನ್ನು ನೀನು ವೇಗ ಹೆಚ್ಚಿಸಿಕೊಂಡು ಕೇಳುತ್ತೀ ಎಂದು ನಿನ್ನ ಅಣ್ಣನ ಮಗಳು ಹಿತಾ ಹೇಳಿದಳು. ನನ್ನ ದನಿ ಗುಬ್ಬಿಯ ದನಿಯ ಹಾಗೆ ಕೇಳುತ್ತದಂತೆ, ಮಾಡಿಯೂ ತೋರಿಸಿದಳು. ಕಾಗದಕ್ಕೆ ಆ ಸೌಕರ್ಯ ಇಲ್ಲ. ನಿಧಾನವಾಗಿ ಓದು.

ಮೊದಲು ತಿಳಿಯಬೇಕಾದದ್ದು: ಇಲ್ಲಿ ಶಾಲೆ ಎಂದರೆ ಸರಕಾರಿ ಶಾಲೆಯೇ. ಊರಿನಲ್ಲಿ ಸರಕಾರಿ ಶಾಲೆ ಎಂದರೆ ಜನ ಮೂಗು ಮುರಿಯುತ್ತಾರಲ್ಲ, ಆ ಮೂಗನ್ನು ವಿಮಾನ ಹತ್ತುವ ಮೊದಲೇ ನೆಟ್ಟಗೆ ಮಾಡಿಕೊಂಡು ಬಾ. ಡಾಕ್ಟರ ಮಗುವೂ ಟ್ಯಾಕ್ಸಿ ಓಡಿಸುವವರ ಮಗುವೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ನಮ್ಮ ಬ್ಲಾಕಿನಿಂದ ಇಳಿದು, ಕಟ್ಟಡಗಳ ಕೆಳಗೆ ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನ ನೆರಳಲ್ಲೇ ನಡೆದು, ಒಂದು ರಸ್ತೆ ದಾಟಿದರೆ ಹಿತಾಳ ಶಾಲೆ. ಮಳೆ ಬಂದರೂ ಕೊಡೆ ಬಿಡಿಸುವುದು ಆ ಒಂದು ರಸ್ತೆಗೆ ಮಾತ್ರ.

ಇಲ್ಲಿಯವರಿಗೆ ಮೊದಲ ಸರದಿ, ನಿಮ್ಮಂಥ ಹೊಸಬರಿಗೆ ಕೊನೆಯದು. ಇಂಥದ್ದೇ ಶಾಲೆ ಬೇಕು ಎಂದು ಹಟ ಹಿಡಿದು ಪ್ರಯೋಜನವಿಲ್ಲ. ಜಾಗ ಉಳಿದ ಕಡೆ ಕೊಡುತ್ತಾರೆ. ಆದಷ್ಟು ಮನೆಯ ಸುತ್ತಮುತ್ತಲೇ ನೋಡುತ್ತಾರೆ ಎಂದು ನಿನ್ನ ಅತ್ತಿಗೆ ಅನಘಾ ಹೇಳುತ್ತಾಳೆ, ಆದರೂ ನೀನು ಖುದ್ದಾಗಿ ವಿಚಾರಿಸು. ಅಂದಮೇಲೆ ಮೊದಲು ಗೊತ್ತಾಗಬೇಕಾದದ್ದು ಶಾಲೆಯಲ್ಲ, ಮನೆ. ಮನೆ ಹೌಗಾಂಗಿನಲ್ಲಾದರೆ ಇಶಾನ್ ಹಿತಾಳ ಜೊತೆಯಲ್ಲೇ ಹೋಗಿಬರುವ ಸಾಧ್ಯತೆ ಇದೆ. ನಮ್ಮ ಹಿಂದಿನ ಬ್ಲಾಕಿನಲ್ಲಿ ಒಂದು ಮನೆ ಜೂನಿಗೆ ಖಾಲಿಯಾಗುತ್ತದಂತೆ. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ. ನಾನು ಕೆಳಗೆ ನಿಂತು ನೋಡಿದ್ದೇನೆ.

ಶಾಲೆ ಬೆಳಿಗ್ಗೆ ಬೇಗ ಶುರು, ಮಧ್ಯಾಹ್ನಕ್ಕೆ ಬಿಡುತ್ತಾರೆ. ತಂದೆತಾಯಿ ಇಬ್ಬರೂ ದುಡಿಯುವವರಾದರೆ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳಲು ಸ್ಟೂಡೆಂಟ್ ಕೇರ್ ಎಂದು ಇರುತ್ತದೆ. ಅದೂ ಚೆನ್ನಾಗಿಯೇ ಇದೆ, ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹತ್ತಿರದಲ್ಲಿದ್ದರೆ ನಿನಗೆ ಅದು ಬೇಕಾಗುವುದಿಲ್ಲ, ಅಷ್ಟೇ.

ಭಾಷೆಯ ವಿಷಯ ಕೇಳಿದರೆ ನಿನಗೆ ನಗು ಬರುತ್ತದೆ. ಇಲ್ಲಿ ಇಂಗ್ಲಿಷಿನ ಜೊತೆಗೆ ಪ್ರತಿ ಮಗುವೂ ಒಂದು ಮಾತೃಭಾಷೆ ಓದಬೇಕು. ಚೀನಿ, ಮಲಯ, ತಮಿಳು ಇವೆ, ಹಿಂದಿಯಂಥ ಬೇರೆ ಕೆಲವು ಉಂಟು. ಕನ್ನಡ ಇಲ್ಲ. ನಮ್ಮ ಮನೆಮಾತು ತುಳುವಂತೂ ಬಿಡು. ಹಿತಾ ಹಿಂದಿ ತೆಗೆದುಕೊಂಡಿದ್ದಾಳೆ. "ನಾನು ಬದುಕಿರುವಾಗಲೇ ಇವಳ ಮಾತೃಭಾಷೆ ಹಿಂದಿ ಹೇಗಾಯಿತು?" ಎಂದು ಅನಘಾಳನ್ನು ಕೇಳಿದೆ. "ಅತ್ತೆ, ಅದು ಸಬ್ಜೆಕ್ಟ್ ಹೆಸರು ಅಷ್ಟೇ, ನೀವು ಟೆನ್ಶನ್ ತಗೋಬೇಡಿ" ಎಂದಳು. ಅಂದಿನಿಂದ ಊಟದ ಹೊತ್ತಿಗೆ ನಾನು ಹಿತಾಳ ಜೊತೆ ತುಳು ಬಿಟ್ಟು ಬೇರೇನೂ ಆಡುವುದಿಲ್ಲ. ಅವಳು "ಅಜ್ಜಿ, ಡೋಂಟ್ ಲೈಕ್ ದಟ್ ಲಾ" ಎಂದು ಇಲ್ಲಿಯವರ ಇಂಗ್ಲಿಷಿನಲ್ಲಿ ಗೊಣಗುತ್ತಲೇ ತುಳುವಿನಲ್ಲಿ ಎರಡನೇ ಸಲ ಪಲ್ಯ ಕೇಳುತ್ತಾಳೆ.

ಈ ತಿಂಗಳ ಕೊನೆಗೆ ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋದರೆ ಮತ್ತೆ ಸೆರಂಗೂನಿನ ದ್ವಾರಕನಾಥರ ಉಪದೇಶ ಕೇಳಬೇಕು. ಹೊಸದಾಗಿ ಬರುವವರೆಲ್ಲ ಶಾಲೆಯ ಬಗ್ಗೆ ಅವರನ್ನೇ ಕೇಳುವುದು. ಸಂಕ್ರಾಂತಿಯಂದು ಎಲ್ಲರ ಎದುರಿಗೆ, "ಆಂಟಿ, ಹೆಸರೇ ಇಲ್ಲದ ಸ್ಕೂಲಿಗೆ ಮೊಮ್ಮಗಳನ್ನ ಹಾಕಿದೀರಂತೆ?" ಎಂದರು. "ಹೆಸರಿದೆ, ಗೇಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ನಿಮಗೆ ಕನ್ನಡಕ ಬದಲಿಸುವ ಕಾಲ ಬಂದಿರಬೇಕು" ಎಂದೆ. ನಿನ್ನ ಅಣ್ಣ ಸ್ವಸ್ತಿಕ್ ನನ್ನ ಸೆರಗು ಎಳೆದ. ಎಳೆಯಲಿ. ಅವರು ಹೇಳುವ ಶಾಲೆಗಳಲ್ಲಿ ಓದಿದ ಮಕ್ಕಳನ್ನೂ ನೋಡಿದ್ದೇನೆ, ದೊಡ್ಡವರು ಬಂದರೆ ಫೋನಿನಿಂದ ತಲೆ ಎತ್ತುವುದಿಲ್ಲ.

ನೀನೂ ಬಂದ ಹೊಸತರಲ್ಲಿ ತಪ್ಪು ಮಾಡುತ್ತೀ, ಅದಕ್ಕೆ ಹೆದರಬೇಡ. ನಾನು ಬಂದ ವಾರ ತಿಂಡಿ ಅಂಗಡಿಗಳೆಲ್ಲ ಒಂದೆಡೆ ಇರುವ ಹಾಕರ್ ಸೆಂಟರಿನ ಮೇಜೊಂದರ ಮೇಲೆ ಟಿಶ್ಯೂ ಪೊಟ್ಟಣ ಇತ್ತು. ಪಾಪ ಯಾರೋ ಮರೆತು ಹೋಗಿದ್ದಾರೆ ಎಂದು ಎತ್ತಿಕೊಂಡು, ತಿಂಡಿಯ ಸಾಲಿನಲ್ಲಿ ನಿಂತವರನ್ನೆಲ್ಲ "ನಿಮ್ಮದಾ, ನಿಮ್ಮದಾ" ಎಂದು ಕೇಳುತ್ತ ಹೋದೆ. ಅದು ಮೇಜು ಹಿಡಿದಿಟ್ಟ ಗುರುತಂತೆ! ತಿರುಗಿ ಬರುವಷ್ಟರಲ್ಲಿ ಆ ಮೇಜಿನಲ್ಲಿ ಬೇರೆ ಸಂಸಾರವೇ ಕುಳಿತು ಉಣ್ಣುತ್ತಿತ್ತು.

ಇನ್ನು ಇಶಾನನ ಮಾತು ತಡವರಿಸುವ ವಿಷಯ. ಶಾಲೆಯಲ್ಲಿ ಮಕ್ಕಳು ನಗುತ್ತಾರೆಯೇ ಎಂದು ನೀನು ಸ್ವಸ್ತಿಕನನ್ನು ಕೇಳಿದ್ದೆಯಂತೆ. ನನ್ನನ್ನೇ ಕೇಳಬಹುದಿತ್ತು. ನೋಡಿದ್ದನ್ನು ಹೇಳುತ್ತೇನೆ.

ಜನವರಿಯಲ್ಲಿ ಹಿತಾ ಒಂದನೇ ಕ್ಲಾಸಿಗೆ ಸೇರಿದ ದಿನ. ಆ ಒಂದು ದಿನ ಮನೆಯವರು ಒಳಗೆ ಹೋಗಿ, ಕ್ಯಾಂಟೀನಿನ ಪಕ್ಕ ಕಟ್ಟಿದ ಹಗ್ಗದ ಆಚೆ ನಿಂತು, ಮಕ್ಕಳು ಬಿಡುವಿನಲ್ಲಿ ತಾವೇ ತಿಂಡಿ ಕೊಳ್ಳುವುದನ್ನು ನೋಡಬಹುದು. ಪ್ರತಿ ಪುಟ್ಟ ಮಗುವಿನ ಕೈ ಹಿಡಿದು ಐದನೇ ಕ್ಲಾಸಿನ ಮಗುವೊಂದು ಬರುತ್ತದೆ. ನಾವೆಲ್ಲ ದನದ ದೊಡ್ಡಿಯ ಹೊರಗೆ ನಿಂತವರ ಹಾಗೆ ಹಗ್ಗಕ್ಕೆ ಜೋತು ಬಿದ್ದಿದ್ದೆವು. ಒಬ್ಬ ತಂದೆ ಅಳುತ್ತಿದ್ದ, ಅವನ ಮಗ ಹಾಯಾಗಿ ಮೊಟ್ಟೆ ತಿನ್ನುತ್ತಿದ್ದ.

ಹಿತಾಳ ಮುಂದೆ ಸಾಲಿನಲ್ಲಿ ಒಬ್ಬ ಚೀನೀ ಹುಡುಗ. ಅವನ ಸರದಿ ಬಂತು. "ನ... ನ..." ಎಂದು ನಿಂತುಬಿಟ್ಟ. ಕಿವಿ ಕೆಂಪಾಯಿತು. ನಮ್ಮ ಇಶಾನನ ಹಾಗೆಯೇ, ಬಲಗೈಯನ್ನು ತೊಡೆಗೆ ತಟ್ಟಿಕೊಳ್ಳುತ್ತಿದ್ದ. ಹಿಂದೆ ಸಾಲು ಬೆಳೆಯಿತು. ಅಂಗಡಿಯ ಹೆಂಗಸು ಸೌಟು ಹಿಡಿದು ಸುಮ್ಮನೆ ನಿಂತಿದ್ದಳು, ಕೈ ಹಿಡಿದ ದೊಡ್ಡ ಹುಡುಗಿಯೂ ಸುಮ್ಮನಿದ್ದಳು. ನನಗೆ ತಡೆಯಲಾಗಲಿಲ್ಲ. ಹಗ್ಗದ ಆಚೆಯಿಂದ "ನೂಡಲ್ಸ್! ನೂಡಲ್ಸ್ ಕೊಡಿ ಅವನಿಗೆ!" ಎಂದು ಕೂಗಿದೆ. ಇಡೀ ಕ್ಯಾಂಟೀನು ನನ್ನ ಕಡೆ ತಿರುಗಿತು. ಹಿತಾ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಟೀಚರೊಬ್ಬಳು ನನ್ನ ಹತ್ತಿರ ಬಂದಳು, ನಿನಗಿಂತ ಚಿಕ್ಕವಳಿರಬೇಕು. "ಆಂಟಿ, ಲೆಟ್ ಹಿಮ್ ಟ್ರೈ ಲಾ. ವೀ ವೇಟ್" ಎಂದಳು. ನನಗೆ ಬುದ್ಧಿ ಹೇಳುವುದಕ್ಕೆ ಬಂದಳು! ಆದರೆ ಅವಳ ಮುಖದಲ್ಲಿ ನಗೆಯಿತ್ತು, ಏನು ಹೇಳಲಿ.

ಕಾದೆವು. ಕೊನೆಗೆ ಹುಡುಗ ಹೇಳಿದ, "ನೂಡಲ್ಸ್. ನೋ ಚಿಲ್ಲಿ."

ನೋಡಿದೆಯಾ? ಅವನಿಗೆ ಹೇಳಲು ಇನ್ನೂ ಒಂದು ಮಾತಿತ್ತು. ನಾನು ಕೂಗಿದ್ದನ್ನೇ ನಂಬಿ ಕೊಟ್ಟಿದ್ದರೆ ಮೊದಲ ದಿನವೇ ಖಾರ ತಿಂದು ಅತ್ತಿರುತ್ತಿದ್ದ.

ಆದ್ದರಿಂದ ಶಾಲೆಯ ಬಗ್ಗೆ ನೀನು ಧೈರ್ಯವಾಗಿರು. ಮಕ್ಕಳು ನಗುವುದೇ ಇಲ್ಲ ಎಂದು ಹೇಳಲಾರೆ, ಮಕ್ಕಳು ಎಲ್ಲಿದ್ದರೂ ಮಕ್ಕಳೇ. ಕಾಯುವವರೂ ಇದ್ದಾರೆ ಎಂದು ಹೇಳಬಲ್ಲೆ. ಬರುವಾಗ ಮಗುವಿನ ಲಸಿಕೆಯ ಕಾಗದ, ಜನನ ಪತ್ರ ಕೈಚೀಲದಲ್ಲೇ ಇಟ್ಟುಕೋ. ನನಗೆ ಕುಚ್ಚಲಕ್ಕಿ ಹೊತ್ತು ತರಬೇಡ, ಇಲ್ಲಿ ಸಿಗುತ್ತದೆ. ಅಳಿಯಂದಿರಿಗೆ ಹೊಸ ಕೆಲಸ ಒಗ್ಗಲಿ. ನಿಮ್ಮೆಲ್ಲರಿಗೂ ದೇವರು ಆಯುಸ್ಸು ಆರೋಗ್ಯ ಕೊಡಲಿ, ಇಶಾನ್ ಎತ್ತರಕ್ಕೆ ಬೆಳೆಯಲಿ.

ಇಂತಿ ನಿನ್ನ ಅಮ್ಮ,
ಸುಂದರಿ

ತಾ. ಕ.: ಕಾಗದ ಇಲ್ಲಿಗೇ ಮಡಿಸಿ ಇಟ್ಟಿದ್ದೆ. ಮತ್ತೆ ಬಿಡಿಸಿದ್ದೇನೆ.

ನೀವು ಊರಿನ ಆ ಕಡೆಯ ಬ್ಯೂನಾ ವಿಸ್ಟಾದಲ್ಲಿ ಮನೆ ಗೊತ್ತುಮಾಡಿ ಆಗಿದೆ ಎಂದು ನನಗೆ ಗೊತ್ತು. ಕಳೆದ ಭಾನುವಾರ ನೀನು ಸ್ವಸ್ತಿಕನಿಗೆ ಫೋನ್ ಮಾಡಿದಾಗ ಅವನು ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದ, ನಾನು ಗೋಡೆಯ ಈಚೆ ದೇವರಿಗೆ ಬತ್ತಿ ಹೊಸೆಯುತ್ತಿದ್ದೆ. "ಅಮ್ಮನ ಹತ್ರ ಮನೆ ಬೇಡ ಅಣ್ಣ. ಅಮ್ಮ ಎದುರಿಗಿದ್ರೆ ಇಶಾನ್ ಬಾಯೇ ಬಿಡಲ್ಲ. ಅವಳಿಗೆ ಈಗಲೇ ಹೇಳ್ಬೇಡ" ಎಂದು ನೀನು ಅವನಿಗೆ ಹೇಳಿದೆ. ಅವನು ಹೇಳಲಿಲ್ಲ. ಅವನನ್ನು ಬೈಯಬೇಡ.

ದೀಪಾವಳಿಗೆ ನಾನು ಮೈಸೂರಿನ ನಿಮ್ಮ ಮನೆಗೆ ಬಂದಾಗಿನ ಪಾಯಸದ ವಿಷಯಕ್ಕೆ ನೀನು ಹಾಗೆ ಹೇಳಿದ್ದು ಎಂದು ಬಲ್ಲೆ. "ಪಾಯಸ ಎಂದು ನೆಟ್ಟಗೆ ಹೇಳು, ಆಮೇಲೆ ಬಡಿಸುತ್ತೇನೆ" ಎಂದು ನಾನು ಸೌಟು ಹಿಡಿದು ನಿಂತೆ, ನೀನು ಮಗುವಿನ ಕೈ ಹಿಡಿದು ಎಲೆಯಿಂದ ಎಬ್ಬಿಸಿಕೊಂಡು ಹೋದೆ. ಅವನ ಒಳ್ಳೆಯದಕ್ಕೇ ಮಾಡಿದ್ದು, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಆ ಕ್ಯಾಂಟೀನಿನ ಹೆಂಗಸೂ ಸೌಟು ಹಿಡಿದೇ ನಿಂತಿದ್ದಳು. ಎರಡು ತಿಂಗಳಿಂದ ಅದೇ ನನ್ನ ಕಣ್ಣ ಮುಂದೆ ಬರುತ್ತಿದೆ.

ಹಿಂದಿನ ಬ್ಲಾಕಿನ ಮನೆಯ ಬಗ್ಗೆ ಇದೆಲ್ಲ ಗೊತ್ತಿದ್ದೂ ಬರೆದೆ. ಬರೆಯದೆ ಇರಲು ಆಗಲಿಲ್ಲ. ಅದನ್ನು ಓದದಿದ್ದ ಹಾಗೆ ಬಿಟ್ಟುಬಿಡು.

ಗುರುವಾರ ದೇವಸ್ಥಾನಕ್ಕೆ ಎಂದು ಹೇಳಿ ಹೊರಟು, ಸೆರಂಗೂನಿನಲ್ಲಿ ಎಂಆರ್‌ಟಿ ರೈಲು ಬದಲಿಸಿ, ಒಬ್ಬಳೇ ಬ್ಯೂನಾ ವಿಸ್ಟಾಕ್ಕೆ ಹೋಗಿದ್ದೆ. ನಿಮ್ಮ ಮನೆಯಾಗುವ ಕಡೆ ಒಂದು ಶಾಲೆ ಇದೆ. ನಿಮಗೆ ಅದೇ ಸಿಗುತ್ತದೋ ಬೇರೆಯೋ, ಗೊತ್ತಿಲ್ಲ. ಶಾಲೆ ಬಿಡುವ ಹೊತ್ತಿನವರೆಗೆ ನಿಂತಿದ್ದೆ. ಮಕ್ಕಳು ತಳ್ಳಾಡದೆ ಸಾಲಾಗಿ ಬಂದರು. ರಸ್ತೆ ದಾಟಿಸಲು ಜನ ಇದ್ದಾರೆ. ಗೇಟಿನ ಕಾವಲಿನವನು, "ಆಂಟಿ, ಯಾರನ್ನು ಕರೆದುಕೊಂಡು ಹೋಗಲು ಬಂದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ಮೊಮ್ಮಗ. ಇನ್ನೂ ಬಂದಿಲ್ಲ" ಎಂದೆ. ಎಲ್ಲ ಮಕ್ಕಳು ಹೋದ ಮೇಲೂ ನಾನು ಅಲ್ಲೇ ಇದ್ದೆ. ಅವನು ಬೆಂಚು ತೋರಿಸಿದ.

ಕರೆಯದೆ ನಾನು ಬರುವವಳಲ್ಲ, ನಿನಗೆ ಗೊತ್ತು. ಆದರೆ ಆ ಗೇಟಿನ ಹೊರಗೆ, ದೊಡ್ಡ ಮರದ ಕೆಳಗೆ, ಕಾಯುವವರಿಗೆ ಒಂದು ಬೆಂಚಿದೆ. ಮಧ್ಯಾಹ್ನದಲ್ಲೂ ನೆರಳಿರುತ್ತದೆ. ಎಷ್ಟು ಹೊತ್ತಾದರೂ ಕೂರಬಹುದು.